ಟೈರ್ ಅಂಗಡಿಯವನ ಸಾಕ್ಷಿ

ಬಸ್ ಕಂಡಕ್ಟರನ ಮಗ ಕ್ರೈಸ್ತ ಉಪದೇಶಿಯಾಗಿ ಪರದೇಶಕ್ಕೆ ಹೊರಟಾಗ ಮನೆಯವರಿಗೇ ನಂಬಿಕೆ ಬರಲಿಲ್ಲ. ಅವರ ವಂಶದಲ್ಲಿ ಅದುವರೆಗೆ ವಿಮಾನ ಹತ್ತಿದವರು ಒಬ್ಬರೂ ಇರಲಿಲ್ಲ. ಆದರೆ ಹುಡುಗನ ಬಾಯಿ ಜೋರು. ತುಂಬಿದ ಬಸ್ಸಿನಲ್ಲಿ ಹಿಂದಿನ ಬಾಗಿಲಲ್ಲಿ ನಿಂತು ಡ್ರೈವರಿಗೆ ಕೇಳುವಂತೆ ಕೂಗುತ್ತಿದ್ದ ಅಪ್ಪನ ಗಂಟಲು ಮಗನಿಗೂ ಬಂದಿತ್ತು. ಭಾನುವಾರದ ತರಗತಿಯಲ್ಲಿ ಅವನು ಮಕ್ಕಳಿಗೆ ಕತೆ ಹೇಳಲು ನಿಂತರೆ ಹೊರಗೆ ಮಾತಾಡಿಕೊಂಡಿದ್ದ ದೊಡ್ಡವರೂ ಒಳಗೆ ಬಂದು ಕೂರುತ್ತಿದ್ದರು. ‘ಇವನು ಕಲ್ಲನ್ನೂ ಮಾತಾಡಿಸಿಬಿಡ್ತಾನೆ’ ಎಂದು ಸಭೆಯ ಹಿರಿಯರು ಬೆನ್ನು ತಟ್ಟಿ ಕಳಿಸಿಕೊಟ್ಟರು. ಅಮ್ಮ ಮಾತ್ರ ನಿಲ್ದಾಣದಲ್ಲಿ ಕಣ್ಣೊರೆಸಿಕೊಳ್ಳುತ್ತಾ, ‘ಮರೀ, ಊಟ ಹೊತ್ತಿಗೆ ಸರಿಯಾಗಿ ಮಾಡು. ಕಂಡಕಂಡವರ ಹತ್ರ ವಾದ ಮಾಡ್ಕೊಂಡು ನಿಲ್ಬೇಡ’ ಎಂದಳು.

ವಾದ ಮಾಡುವುದೆಲ್ಲಿಂದ ಬಂತು! ಅಲ್ಲಿಗೆ ಹೋದ ಮೇಲೆ ಆ ಬಾಯಿಯೇ ಕಟ್ಟಿಹೋಯಿತು. ಆ ದೇಶದ ಭಾಷೆಯನ್ನು ಅವನು ಕ್ಯಾಸೆಟ್ ಹಾಕಿಕೊಂಡು ಉರು ಹೊಡೆದಿದ್ದ. ತಾನು ಹೇಳಬೇಕಾದ್ದನ್ನು ಗಡಗಡ ಹೇಳಿಬಿಡುತ್ತಿದ್ದ. ಎದುರಿನವರು ತಿರುಗಿ ನಾಲ್ಕು ಮಾತಾಡಿದರೆ ಕಣ್ಣು ಕಣ್ಣು ಬಿಡುತ್ತಿದ್ದ. ತಿಳಿಯಲಿಲ್ಲ ಎಂದು ಒಪ್ಪಿಕೊಳ್ಳಲು ನಾಚಿಕೆ. ಹಾಗಾಗಿ ತಲೆಯಾಡಿಸಿ ನಗುವುದನ್ನು ರೂಢಿ ಮಾಡಿಕೊಂಡ. ಆ ನಗುವಿನಿಂದ ಬಹಳ ಜನರಿಗೆ ಅವನು ಒಳ್ಳೆಯ ಹುಡುಗ ಅನ್ನಿಸಿದ್ದೂ ಉಂಟು.

ಸಭೆ ಸೇರುತ್ತಿದ್ದದ್ದು ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಕಿರಿದಾದ ಮೆಟ್ಟಿಲು, ಮೆಟ್ಟಿಲ ತುಂಬ ಪೇಂಟಿನ ವಾಸನೆ, ಮೇಲೆ ಪ್ಲಾಸ್ಟಿಕ್ ಕುರ್ಚಿಗಳು, ಒಂದು ಮೂಲೆಯಲ್ಲಿ ಕೀಬೋರ್ಡು, ಅದರ ಪಕ್ಕ ಉರಿದರೆ ಉರಿಯಿತು ಇಲ್ಲದಿದ್ದರೆ ಇಲ್ಲ ಎನ್ನುವಂಥ ಹೀಟರು. ಸಭೆಯನ್ನು ನೋಡಿಕೊಳ್ಳುತ್ತಿದ್ದವರು ಮೊಣಕಾಲು ನೋವಿನ ಪಾಸ್ಟರಜ್ಜ. ಅವರೊಬ್ಬರಿಗೆ ಮನೆಮನೆ ತಿರುಗಲು ಆಗುತ್ತಿರಲಿಲ್ಲ ಎಂದೇ ಹುಡುಗನನ್ನು ಕರೆಸಿಕೊಂಡಿದ್ದರು. ಎಲ್ಲರೂ ಅವನನ್ನು ‘ತಮ್ಮ’ ಎಂದು ಕರೆದರು.

ಕೀಬೋರ್ಡು ನುಡಿಸುತ್ತಿದ್ದವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ವಾರವೆಲ್ಲ ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಬಟ್ಟೆಗಳ ಉದ್ದ ತಗ್ಗಿಸುವುದು, ಜಿಪ್ ಬದಲಿಸುವುದು, ಸೊಂಟ ಬಿಡಿಸುವುದು ಅವಳ ಕೆಲಸ. ಅವಳ ಗಂಡ ಶಾಲೆಯೊಂದರ ಕಾವಲುಗಾರನಾಗಿದ್ದ. ಬೆಳಬೆಳಗ್ಗೆ ಬಾಗಿಲು ತೆಗೆಯಲು ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ, ಮಂಜು ಕವಿದ ರಸ್ತೆಯಲ್ಲಿ ಯಾವುದೋ ಗಾಡಿ ಹೊಡೆದು ಹೋಗಿ, ಅವನು ತೀರಿಕೊಂಡಿದ್ದ. ಹೊಡೆದವರು ಸಿಕ್ಕಿರಲಿಲ್ಲ. ಇದು ಹುಡುಗ ಬರುವುದಕ್ಕೆ ಕೆಲವು ವರ್ಷ ಮುಂಚಿನ ಮಾತು. ಅವಳು ಅದನ್ನು ಯಾರೆದುರೂ ಎತ್ತುತ್ತಿರಲಿಲ್ಲ; ಹುಡುಗನಿಗೆ ಹೇಳಿದವರು ಪಾಸ್ಟರಜ್ಜ. ಹುಡುಗನ ದಾನದ ಕೋಟಿನ ತೋಳು ಬೆರಳು ಮುಚ್ಚುವಷ್ಟು ಉದ್ದವಿದ್ದದ್ದನ್ನು ನೋಡಿ, ‘ಏನಪ್ಪ, ನಿನ್ನ ಕೈ ಮನೇಲೇ ಬಿಟ್ಟು ಬಂದ್ಯಾ?’ ಎಂದು ನಕ್ಕು, ಕೋಟು ಬಿಚ್ಚಿಸಿಕೊಂಡು ಹೋಗಿ ಸರಿಮಾಡಿ ತಂದುಕೊಟ್ಟಿದ್ದಳು. ಅವನಿಗೆ ಆ ಭಾಷೆಯ ನಿಜವಾದ ಪಾಠ ಸಿಕ್ಕಿದ್ದೂ ಅವಳಿಂದಲೇ. ತಪ್ಪು ಆಡಿದರೆ ತಿದ್ದುತ್ತಿದ್ದಳು, ನಗುತ್ತಿರಲಿಲ್ಲ.

ತಿಂಗಳುಗಟ್ಟಲೆ ಬಾಗಿಲು ತಟ್ಟಿದ ಹುಡುಗನಿಗೆ ಸಿಕ್ಕಿದ್ದು ಮುಚ್ಚಿದ ಬಾಗಿಲುಗಳೇ. ಕೆಲವರು ಮರ್ಯಾದೆಯಿಂದ ಮುಚ್ಚಿದರು, ಕೆಲವರು ಮುಖದ ಮೇಲೆ ಮುಚ್ಚಿದರು. ಹೀಗಿರುವಾಗ ಒಂದು ಮಧ್ಯಾಹ್ನ ಅವನ ಸೈಕಲ್ ಪಂಕ್ಚರಾಗಿ, ಅದನ್ನು ತಳ್ಳಿಕೊಂಡು ಮುಖ್ಯರಸ್ತೆಯ ಟೈರ್ ಅಂಗಡಿಗೆ ಹೋದ. ಅಲ್ಲಿ ಕೆಲಸಕ್ಕಿದ್ದವನು ದಪ್ಪ ಮೈಯ, ನಡುವಯಸ್ಸಿನ, ಮಾತು ಕಡಿಮೆಯ ಆಳು. ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದವನ ಮುಂದೆ ಹುಡುಗ ತನ್ನ ಉರು ಹೊಡೆದ ಮಾತುಗಳನ್ನೆಲ್ಲ ಒಪ್ಪಿಸಿದ. ಆತ ತಲೆಯೆತ್ತದೆ ಕೇಳಿಸಿಕೊಂಡು, ಕೊನೆಗೆ ಒಂದೇ ಪ್ರಶ್ನೆ ಹಾಕಿದ.

‘ನಿಮ್ಮದು ಹಾರ್ಡ್‌ವೇರ್ ಅಂಗಡಿ ಮೇಲಿನ ಸಭೆನಾ? ಅದೇ, ಬಟ್ಟೆ ಹೊಲಿಯೋ ಹೆಂಗಸು ಕೀಬೋರ್ಡ್ ನುಡಿಸ್ತಾರಲ್ಲ?’

‘ಹೂಂ, ಅದೇ, ಅದೇ!’ ಎಂದ ಹುಡುಗ. ಇವನಿಗೆ ಸಂಗೀತ ಇಷ್ಟವಿರಬೇಕು ಎಂದುಕೊಂಡ.

ಮುಂದಿನ ಭಾನುವಾರ ಟೈರ್ ಅಂಗಡಿಯವನು ಬಂದೇಬಿಟ್ಟ. ಬಾಗಿಲ ಪಕ್ಕದ ಕೊನೆಯ ಕುರ್ಚಿಯಲ್ಲಿ ಕೂತ, ಹಾಡು ಮುಗಿದದ್ದೇ ಎದ್ದುಹೋದ. ಅದರ ಮುಂದಿನ ವಾರವೂ ಬಂದ. ಹುಡುಗನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಊರಿಗೆ ಫೋನ್ ಮಾಡಿ, ‘ಅಮ್ಮಾ, ಒಬ್ಬ ಬಂದ! ನನ್ನ ಮಾತು ಕೇಳಿ ಬಂದ!’ ಎಂದ. ಅಮ್ಮ ಅಕ್ಕಪಕ್ಕದ ಮನೆಗಳಿಗೆಲ್ಲ ಹೇಳಿಕೊಂಡು ಬಂದಳು.

ಕ್ರಿಸ್ಮಸ್ ಹತ್ತಿರವಾಗುತ್ತಿದ್ದ ದಿನಗಳಲ್ಲಿ ಒಂದು ಸಂಜೆ, ಅಂಗಡಿಯ ಹಿಂದೆ ಹಳೆಯ ಟೈರುಗಳ ರಾಶಿಯ ಮೇಲೆ ಕೂತು ಟೀ ಕುಡಿಯುತ್ತಿದ್ದಾಗ ಆತ ಕೇಳಿದ.

‘ತಮ್ಮಾ, ಎಷ್ಟೇ ದೊಡ್ಡ ತಪ್ಪು ಮಾಡಿದ್ರೂ ಕ್ಷಮೆ ಇದೆ ಅಂತೀಯಲ್ಲ. ನಿಜಾನಾ?’

‘ಎಷ್ಟೇ ದೊಡ್ಡದಾದ್ರೂ ಅಣ್ಣ.’

‘ಏನು ಮಾಡಿದೆ ಅಂತ ಕೇಳೋದೇ ಇಲ್ವಾ?’

‘ಕೇಳೋದೇ ಬೇಡ! ಬಂದ್ರೆ ಸಾಕು.’

ಆತ ಲೋಟವನ್ನು ಕೈಯಲ್ಲಿ ತಿರುಗಿಸುತ್ತಾ ಏನೋ ಹೇಳಲು ಬಾಯಿ ತೆರೆದ. ಹುಡುಗ ಅವನ ಭುಜ ಹಿಡಿದು, ‘ನನ್ನ ಹತ್ರ ಹೇಳ್ಬೇಡಿ. ಕ್ರಿಸ್ಮಸ್ ದಿನ ಎಲ್ಲರ ಮುಂದೆ ಎದ್ದು ನಿಂತು, ದೇವರು ನಿಮ್ಮನ್ನ ಹೇಗೆ ಬದಲಾಯಿಸಿದ ಅಂತ ಸಾಕ್ಷಿ ಹೇಳಿ. ಹಗುರ ಆಗ್ತೀರ’ ಎಂದ. ಅದರಲ್ಲಿ ಉತ್ಸಾಹ ಎಷ್ಟಿತ್ತೋ ಅಷ್ಟೇ ಅಂಜಿಕೆಯೂ ಇತ್ತು. ಆತ ಉದ್ದಕ್ಕೆ ಹೇಳತೊಡಗಿ ತನಗೆ ಅರ್ಥವಾಗದೆ ಹೋದರೆ ಮಾನ ಹೋಗುತ್ತದಲ್ಲ ಎಂಬ ಅಂಜಿಕೆ.

ಪಾಸ್ಟರಜ್ಜನಿಗೆ ವಿಷಯ ಹೇಳಿದಾಗ ಅವರು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ, ‘ಅವನ ಹತ್ರ ಕೂತು ಮಾತಾಡಿದ್ದೀಯಾ?’ ಎಂದರು.

‘ಬೇಕಾದಷ್ಟು ಸಲ ಮಾತಾಡಿದ್ದೀನಿ ಅಯ್ಯನವರೇ.’

‘ನೀನು ಮಾತಾಡಿರ್ತೀಯ ಬಿಡು. ಅವನು ಮಾತಾಡಿದ್ನಾ?’

ಹುಡುಗ ನಕ್ಕು ತಲೆಯಾಡಿಸಿದ.

ಹಬ್ಬಕ್ಕೆ ಮೂರ್ನಾಲ್ಕು ದಿನ ಇರುವಾಗ ಟೈರ್ ಅಂಗಡಿಯವನು ಹೊಸ ಪ್ಯಾಂಟು ತಂದ. ಕಾಲಿನ ಹತ್ತಿರ ಉದ್ದವಾಗಿ ನೆಲ ಗುಡಿಸುತ್ತಿತ್ತು. ಹುಡುಗನೇ ಅವನನ್ನು ಕರೆದುಕೊಂಡು ಡ್ರೈಕ್ಲೀನಿಂಗ್ ಅಂಗಡಿಗೆ ಹೋದ. ಒಲ್ಲೆ ಒಲ್ಲೆ ಎನ್ನುತ್ತಿದ್ದವನನ್ನು ಅಕ್ಕ ಸ್ಟೂಲಿನ ಮೇಲೆ ನಿಲ್ಲಿಸಿದಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅವನ ಕಾಲ ಬಳಿ ಮಂಡಿಯೂರಿ, ಅಂಚು ಮಡಚಿ ಒಂದೊಂದೇ ಸೂಜಿ ಚುಚ್ಚಿದಳು. ‘ಅಲುಗಾಡಬೇಡಿ, ಚುಚ್ಚಿಬಿಡುತ್ತೆ’ ಎಂದಳು. ಆತ ಗಡಗಡ ನಡುಗುತ್ತಿದ್ದ. ಹಬ್ಬದ ದಿನ ಎಲ್ಲರ ಮುಂದೆ ಮಾತಾಡಬೇಕಲ್ಲ, ಈಗಿನಿಂದಲೇ ಹೆದರಿಕೆ ಎಂದು ಹುಡುಗ ಅಕ್ಕನಿಗೆ ಕಣ್ಣು ಮಿಟುಕಿಸಿದ. ಅವಳು ಕೂಲಿ ತೆಗೆದುಕೊಳ್ಳಲಿಲ್ಲ.

ಕ್ರಿಸ್ಮಸ್ ಬೆಳಗ್ಗೆ ಹೀಟರ್ ಒಂದೇ ಏಟಿಗೆ ಹೊತ್ತಿಕೊಂಡಿತು. ಕಿಟಕಿಗೆ ಕಾಗದದ ನಕ್ಷತ್ರ ಕಟ್ಟಿದ್ದರು. ಯಾವತ್ತೂ ಖಾಲಿ ಉಳಿಯುವ ಕುರ್ಚಿಗಳೂ ತುಂಬಿದ್ದವು. ಊರು ಬಿಟ್ಟು ಮೊದಲ ಸಲ ಹಬ್ಬ ಮಾಡುತ್ತಿದ್ದ ಹುಡುಗನಿಗೆ ಬೆಳಗ್ಗೆ ಎದ್ದಾಗ ಅಳು ಬಂದಿತ್ತು. ಮೆಟ್ಟಿಲು ಹತ್ತಿ ಬಂದ ಜನರನ್ನು ನೋಡಿ ಅದೆಲ್ಲ ಮರೆತುಹೋಯಿತು. ಹಾಡುಗಳಾದವು, ಪ್ರಾರ್ಥನೆಯಾಯಿತು. ‘ಈಗ ಒಬ್ಬ ಅಣ್ಣ ಸಾಕ್ಷಿ ಹೇಳ್ತಾರೆ’ ಎಂದು ಹುಡುಗ ತಾನೇ ಕೂಗಿ ಹೇಳಿ, ಟೈರ್ ಅಂಗಡಿಯವನ ಕೈ ಹಿಡಿದು ಮುಂದೆ ಕರೆತಂದು, ಅವನ ಪಕ್ಕದಲ್ಲೇ ನಿಂತ.

ಆತ ತಲೆ ತಗ್ಗಿಸಿಕೊಂಡೇ ಶುರುಮಾಡಿದ.

‘ನಾನು ಮೊದಲು ಲಾರಿ ಓಡಿಸ್ತಿದ್ದೆ. ಒಂದಿನ ಬೆಳಗ್ಗೆ ಏನೂ ಕಾಣ್ತಿರ್ಲಿಲ್ಲ. ಎಲ್ಲಾ ಕಡೆ ಮಂಜು.’

ಹುಡುಗನಿಗೆ ‘ಕಾಣ್ತಿರ್ಲಿಲ್ಲ’ ಎಂಬುದೊಂದು ಸಿಕ್ಕಿತು. ತಾನು ಕತ್ತಲೆಯಲ್ಲಿದ್ದೆ ಎನ್ನುತ್ತಿದ್ದಾನೆ, ಶುರು ಚೆನ್ನಾಗಿದೆ ಎಂದುಕೊಂಡ.

‘ಶಾಲೆ ಕಡೆ ತಿರುಗೋ ಜಾಗದಲ್ಲಿ ಒಬ್ಬರು ಸೈಕಲ್ ಮೇಲೆ ಹೋಗ್ತಿದ್ರು. ನನ್ನ ಗಾಡಿ ಬಡೀತು. ಅವರು ಬಿದ್ರು. ನಾನು ನಿಲ್ಲಿಸ್ಲಿಲ್ಲ.’

ಹುಡುಗನಿಗೆ ಕೊನೆಯ ಎರಡು ಮಾತಷ್ಟೇ ಸಿಕ್ಕವು: ಬಿದ್ದರೂ ನಿಲ್ಲಿಸಲಿಲ್ಲ, ನಡೆಯುತ್ತಲೇ ಹೋದೆ ಎನ್ನುತ್ತಿದ್ದಾನೆ! ಆತ ಮಾತು ನಿಲ್ಲಿಸಿ ಉಸಿರು ಎಳೆದುಕೊಂಡ. ಸಾಕ್ಷಿ ಹೇಳುವವರು ನಿಂತಾಗ ಕೇಳುವವರು ಧೈರ್ಯ ಕೊಡಬೇಕಲ್ಲವೆ? ಹುಡುಗ ಅಪ್ಪನಿಂದ ಬಂದ ಗಂಟಲನ್ನು ಪೂರ್ತಿ ಬಿಟ್ಟು, ‘ಆಮೆನ್!’ ಎಂದು ಕೂಗಿದ. ಎರಡು ಚಪ್ಪಾಳೆಯನ್ನೂ ತಟ್ಟಿದ.

ಯಾರೂ ದನಿಗೂಡಿಸಲಿಲ್ಲ. ಹುಡುಗ ನಗುತ್ತಲೇ ಜನರ ಕಡೆ ನೋಡಿದ. ಮುಂದಿನ ಸಾಲಿನ ಹೆಂಗಸೊಬ್ಬಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಪಾಸ್ಟರಜ್ಜ ಕುರ್ಚಿಯ ಕೈ ಹಿಡಿದು ಅರ್ಧ ಎದ್ದವರು ಹಾಗೇ ನಿಂತುಬಿಟ್ಟಿದ್ದರು. ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿದ್ದವು. ಅಷ್ಟರಲ್ಲಿ ಕೀಬೋರ್ಡಿನಿಂದ ಒಂದು ಸ್ವರ ಹೊರಟಿತು. ಅಕ್ಕನ ಕೈ ಜಾರಿ ಅದರ ಮೇಲೆ ಬಿದ್ದಿತ್ತು, ಅವಳು ಎತ್ತಲಿಲ್ಲ. ಆ ಸ್ವರ ಕೊಯ್ಯುವಂತೆ ಕೊರೆಯುತ್ತಲೇ ಇತ್ತು. ಸೈಕಲ್, ಶಾಲೆ, ಮಂಜು: ಒಂದೊಂದು ಪದವೂ ಆಗ ಹುಡುಗನ ತಲೆಯೊಳಗೆ ತಡವಾಗಿ ಬಂದು ಕೂತಿತು. ಮುಖದ ಮೇಲಿನ ನಗುವನ್ನು ತೆಗೆಯಬೇಕೆಂದು ಗೊತ್ತು, ಅದು ಹೋಗಲಿಲ್ಲ.

‘ಮೊನ್ನೆ ಈ ಅಕ್ಕ ನನ್ನ ಕಾಲ ಹತ್ರ ಕೂತ್ರು’ ಎಂದ ಟೈರ್ ಅಂಗಡಿಯವನು. ಅವನ ದನಿ ಒಡೆದುಹೋಗಿತ್ತು. ‘ಅಲ್ಲಿಂದ ನನಗೆ ತಡೆಯೋಕಾಗ್ಲಿಲ್ಲ.’ ಅಷ್ಟು ಹೇಳಿ ನೆಲದ ಮೇಲೆ ಕುಸಿದು ಕೂತ.

ಯಾರೋ ಹೋಗಿ ಕೀಬೋರ್ಡಿನ ಸ್ವಿಚ್ಚು ಆರಿಸಿದರು. ಅಕ್ಕ ಎದ್ದಳು. ಅವಳು ಟೈರ್ ಅಂಗಡಿಯವನ ಕಡೆ ನೋಡಲೇ ಇಲ್ಲ. ನೆಟ್ಟಗೆ ಹುಡುಗನ ಮುಂದೆ ಬಂದು ನಿಂತಳು. ಅವನಿಗೆ ಅರ್ಥವಾಗಲಿ ಎಂದು ಯಾವಾಗಲೂ ಮಾಡುವಂತೆ ಒಂದೊಂದೇ ಮಾತನ್ನು ಬಿಡಿಸಿ ಕೇಳಿದಳು.

‘ನಿನಗೆ ಇದು ಗೊತ್ತಿತ್ತಾ?’

‘ಇಲ್ಲ ಅಕ್ಕ.’

‘ಏನೂ ಗೊತ್ತಿಲ್ದೇನೇ ಇವನಿಗೆ ಕ್ಷಮೆ ಇದೆ ಅಂದ್ಯಾ?’

‘...ಹೂಂ.’

‘ಕೊಡೋಕೆ ನೀನು ಯಾರಪ್ಪ? ನನ್ನ ಕೇಳಿದ್ಯಾ?’

ಅವಳು ಗೂಟದಿಂದ ಕೋಟು ತೆಗೆದುಕೊಂಡಳು. ಹಾಕಿಕೊಳ್ಳಲು ತೋಳು ಸಿಗದೆ ಒದ್ದಾಡಿದಳು, ಸಹಾಯಕ್ಕೆ ಬಂದವರನ್ನು ಕೈಯಿಂದ ತಡೆದಳು. ಆಮೇಲೆ ಕೋಟನ್ನು ಹಾಗೇ ಎಳೆದುಕೊಂಡು ಇಳಿದುಹೋದಳು. ಪಾಸ್ಟರಜ್ಜ ನೋವಿನ ಕಾಲೆಳೆಯುತ್ತಾ ಅವಳ ಹಿಂದೆ ಇಳಿದರು. ಉಳಿದವರು ಒಬ್ಬೊಬ್ಬರಾಗಿ ಸದ್ದಿಲ್ಲದೆ ಹೊರಟುಹೋದರು. ಹಂಚಬೇಕಾದ ಕೇಕು ಮೇಜಿನ ಮೇಲೇ ಉಳಿಯಿತು.

‘ತಮ್ಮಾ, ಠಾಣೆವರೆಗೆ ಜೊತೇಲಿ ಬರ್ತೀಯಾ?’ ಎಂದು ಟೈರ್ ಅಂಗಡಿಯವನು ಕೇಳಿದ.

ಹಬ್ಬದ ದಿನ, ಅಂಗಡಿಗಳೆಲ್ಲ ಮುಚ್ಚಿದ್ದವು. ಇಳಿಸಿದ ಶಟರುಗಳ ಮುಂದೆ ಇಬ್ಬರೂ ನಡೆದರು. ಹುಡುಗನಿಗೆ ಪಕ್ಕದಲ್ಲಿ ನಡೆಯುತ್ತಿದ್ದವನನ್ನು ಮುಟ್ಟಲೂ ಆಗದು, ಬಿಟ್ಟು ಓಡಲೂ ಆಗದು. ಸಿಗ್ನಲ್ ಹತ್ತಿರ ನಿಂತಾಗ ತಡೆಯಲಾರದೆ ಕೇಳಿಬಿಟ್ಟ.

‘ಅಣ್ಣ, ನೀವು ಸಭೆಗೆ ಬಂದಿದ್ದು ನನ್ನ ಮಾತು ಕೇಳಿ ಅಲ್ವಾ?’

ಆತ ತಲೆಯಲ್ಲಾಡಿಸಿದ. ‘ನಿನ್ನ ಮಾತು ನನಗೆ ಅರ್ಧ ತಿಳೀತಾನೇ ಇರ್ಲಿಲ್ಲ ತಮ್ಮ. ಆ ಅಕ್ಕ ಯಾರು ಅಂತ ಪೇಪರಲ್ಲಿ ಓದಿ ನನಗೆ ಮೊದಲಿಂದ ಗೊತ್ತಿತ್ತು. ಲಾರಿ ಬಿಟ್ಟ ಮೇಲೆ ಈ ಕಡೆ ಕೆಲಸ ಹುಡುಕ್ಕೊಂಡು ಬಂದಿದ್ದೇ ಅದಕ್ಕೆ. ಹೇಳ್ಬೇಕು ಅಂತ ಅವರ ಅಂಗಡಿ ಮುಂದೆ ಎಷ್ಟು ಸಲ ನಿಂತಿದ್ದೀನೋ. ಒಳಗೆ ಹೋಗೋಕೆ ಧೈರ್ಯ ಬರ್ಲಿಲ್ಲ. ನೀನು ಕರೆದೆ, ಒಂದು ನೆಪ ಸಿಕ್ತು.’

ಬೆಳಗ್ಗೆಯಿಂದ ಬಿದ್ದ ಪೆಟ್ಟುಗಳಲ್ಲಿ ಇದು ಸಣ್ಣದೇ. ಆದರೂ ಊರಲ್ಲಿ ಅಮ್ಮ ಮನೆಮನೆಗೆ ಹೇಳಿಕೊಂಡು ಬಂದಿದ್ದಳು.

ಠಾಣೆಯಲ್ಲಿ ಇದ್ದವನು ಒಬ್ಬನೇ ಪೇದೆ. ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದ. ವಿಷಯ ಕೇಳಿ, ‘ಏನ್ರೀ, ಇಷ್ಟು ವರ್ಷ ಸುಮ್ನಿದ್ದೋರು ಹಬ್ಬದ ದಿನವೇ ಬರ್ಬೇಕಿತ್ತಾ?’ ಎಂದ. ಕುಡಿದು ಬಂದಿರಬೇಕೆಂದು ಹತ್ತಿರ ಬಂದು ಮೂಸಿ ನೋಡಿದ. ಆಮೇಲೆ ಸಾಹೇಬರಿಗೆ ಫೋನ್ ಮಾಡಿ ಬಂದವನ ದನಿಯೇ ಬದಲಾಗಿತ್ತು. ಟೈರ್ ಅಂಗಡಿಯವನನ್ನು ಒಳಗಿನ ಕೋಣೆಗೆ ಕರೆದೊಯ್ದ. ಹೋಗುವ ಮುಂಚೆ ಆತ ತಿರುಗಿ, ‘ನೀನು ಹಬ್ಬದ ಊಟ ಮಾಡು ಹೋಗು’ ಎಂದ.

ಆ ಸಂಜೆ ಅಮ್ಮನೇ ಫೋನ್ ಮಾಡಿದಳು. ಹಿಂದೆ ಮನೆಯ ಗದ್ದಲ, ಯಾರೋ ನಗುತ್ತಿದ್ದರು.

‘ಹಬ್ಬ ಹೇಗಾಯ್ತೋ ಮರೀ? ನಿನ್ನ ಆ ಅಣ್ಣ ಎದ್ದು ಸಾಕ್ಷಿ ಹೇಳಿದ್ನಾ?’

‘ಹೇಳಿದ ಅಮ್ಮ.’

‘ದೇವರಿಗೆ ಸ್ತೋತ್ರ! ನಮ್ಮಪ್ಪನೇ! ನೋಡ್ರೀ, ಹೇಳಿದ್ನಂತೆ!’ ಎಂದು ಅವಳು ಆ ಕಡೆ ತಿರುಗಿ ಅಪ್ಪನಿಗೆ ಕೂಗಿ ಹೇಳಿದಳು. ಹುಡುಗ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದುಕೊಂಡ.

ಮುಂದೆ ಬಹಳ ದಿನ ಅವನು ಯಾರ ಬಾಗಿಲನ್ನೂ ತಟ್ಟಲಿಲ್ಲ. ಅಡಿಗೆ ಮಾಡಿದರೆ ಒಲೆ ಆರಿಸುವುದು ಮರೆಯುತ್ತಿದ್ದ; ಮಾತಿನ ನಡುವೆ ತನ್ನ ಕೂಗು ಕಿವಿಗೆ ಬಿದ್ದಂತಾಗಿ ಬೆಚ್ಚುತ್ತಿದ್ದ. ‘ನನ್ನನ್ನ ವಾಪಸ್ ಕಳಿಸಿಬಿಡಿ ಅಯ್ಯನವರೇ’ ಎಂದು ಪಾಸ್ಟರಜ್ಜನ ಮುಂದೆ ಅತ್ತ. ‘ಅಕ್ಕನನ್ನ ನೋಡಿದ್ಯಾ?’ ಎಂದರು ಅವರು. ‘ಇಲ್ಲ.’ ‘ನೋಡದೇ ಓಡಿಹೋದ್ರೆ ನೀನೂ ನಿಲ್ಲಿಸದೇ ಹೋದ ಹಾಗೇನೇ.’

ಮಾರನೆಯ ದಿನವೇ ಅವನು ಡ್ರೈಕ್ಲೀನಿಂಗ್ ಅಂಗಡಿಗೆ ಹೋದ. ಅಕ್ಕ ಒಂದು ಜಾಕೆಟ್ಟಿನ ಜಿಪ್ಪು ಬಿಚ್ಚುತ್ತಿದ್ದಳು. ತಲೆ ಎತ್ತದೆ ಸ್ಟೂಲು ತೋರಿಸಿದಳು. ಅದೇ ಸ್ಟೂಲು. ಅವನು ಕೂರಲಾರದೆ ನಿಂತೇ ಇದ್ದ. ಜಿಪ್ಪನ್ನು ಪೂರ್ತಿ ಬಿಚ್ಚಿಟ್ಟು ಅವಳೇ ಮಾತಾಡಿದಳು.

‘ನೀನು ಜೈಲಿಗೆ ಹೋಗಿ ಅವನನ್ನ ನೋಡ್ತೀಯಾ?’

‘ನೀವು ಬೇಡ ಅಂದ್ರೆ ಹೋಗಲ್ಲ ಅಕ್ಕ.’

‘ಹೋಗು. ಒಂದು ಮಾತು ಕೇಳ್ಕೊಂಡು ಬಾ. ಪೊಲೀಸರು ತಕ್ಷಣ ಜೀವ ಹೋಗಿತ್ತು ಅಂದ್ರು. ನನ್ನ ಸಮಾಧಾನಕ್ಕೆ ಹಾಗಂದ್ರೋ, ನಿಜವೋ ನನಗೆ ಗೊತ್ತಿಲ್ಲ. ಅವನೊಬ್ಬನೇ ನೋಡಿರೋದು. ಕೇಳ್ಕೊಂಡು ಬಾ.’

ಜೈಲಿನ ಭೇಟಿಯ ಕೋಣೆಯಲ್ಲಿ ಹುಡುಗ ಈ ಸಲ ಏನನ್ನೂ ಒಪ್ಪಿಸಲಿಲ್ಲ. ಪ್ರಶ್ನೆ ಕೇಳಿದ, ಸುಮ್ಮನಾದ. ಆತ ಹೇಳಿದ್ದರಲ್ಲಿ ತಿಳಿಯದ್ದನ್ನು ‘ತಿಳೀಲಿಲ್ಲ, ಇನ್ನೊಂದು ಸಲ ಹೇಳಿ’ ಎಂದು ನಾಚಿಕೆ ಬಿಟ್ಟು ಕೇಳಿದ. ಟೈರ್ ಅಂಗಡಿಯವನು ಅತ್ತ, ಹೇಳಿದ, ಮತ್ತೆ ಅತ್ತ. ತಿರುವಿನಲ್ಲಿ ಲಾರಿಯ ವೇಗ ತಗ್ಗಿತ್ತಂತೆ. ಕನ್ನಡಿಯಲ್ಲಿ ನೋಡಿದ್ದನಂತೆ. ಬಿದ್ದ ಮನುಷ್ಯ ಒಂದು ಕೈ ಎತ್ತಿದನಂತೆ.

ಬಸ್ಸಿನಲ್ಲಿ ವಾಪಸು ಬರುವಾಗ ಹುಡುಗ ಅಕ್ಕನಿಗೆ ಏನು ಹೇಳುವುದೆಂದು ಲೆಕ್ಕ ಹಾಕಿದ. ತಕ್ಷಣ ಹೋಯಿತಂತೆ ಅಕ್ಕ ಎಂದುಬಿಟ್ಟರೆ ಏನು ಹೋಗುತ್ತದೆ? ಒಂದು ಹೆಂಗಸಿಗೆ ನಿದ್ದೆಯಾದರೂ ಬರುತ್ತದೆ. ಹೀಗೆ ಅಂದುಕೊಂಡೇ ಅಂಗಡಿಯ ಬಾಗಿಲವರೆಗೂ ಹೋದ. ಅವಳು ಕತ್ತರಿ ಕೆಳಗಿಟ್ಟು ಅವನ ಮುಖ ನೋಡಿದಾಗ ಸುಳ್ಳು ಬಾಯಿಗೆ ಬರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದ.

ಅಕ್ಕ ಮಿಷಿನ್ನಿನ ಚಕ್ರದ ಮೇಲೆ ಕೈಯಿಟ್ಟು ಕೂತಳು. ಹೊರಗೆ ಗಿರಾಕಿಯೊಬ್ಬ ಗಂಟೆ ಒತ್ತಿದ. ಅವಳಿಗೆ ಕೇಳಿಸಿದಂತೆ ಕಾಣಲಿಲ್ಲ.

‘ಯಾವ ಕೈ?’ ಎಂದಳು.

‘ಅದು ಕೇಳ್ಲಿಲ್ಲ ಅಕ್ಕ.’

‘ಬಲಗೈ ಇರ್ಬೇಕು. ಎಡಭುಜ ಮೊದಲಿಂದ ಎತ್ತೋಕಾಗ್ತಿರ್ಲಿಲ್ಲ.’ ಆಮೇಲೆ ಕತ್ತರಿ ಕೈಗೆತ್ತಿಕೊಂಡು, ‘ನೀನು ಸುಳ್ಳು ಹೇಳ್ತೀಯೇನೋ ಅಂತ ನೋಡ್ತಿದ್ದೆ’ ಎಂದಳು. ಹುಡುಗ ಗಿರಾಕಿಯ ಬಟ್ಟೆ ತಂದುಕೊಡುವ ನೆಪದಲ್ಲಿ ಹೊರಗೆ ಹೋಗಿ, ಕೌಂಟರಿನ ಹಿಂದೆ ನಿಂತು ಕಣ್ಣೊರೆಸಿಕೊಂಡ.

ಟೈರ್ ಅಂಗಡಿಯವನಿಗೆ ಶಿಕ್ಷೆಯಾಯಿತು. ಅವನ ಪರವಾಗಿ ನಾಲ್ಕು ಒಳ್ಳೆಯ ಮಾತು ಹೇಳಲು ವಕೀಲ ಸಭೆಯವರನ್ನು ಕೇಳಿದಾಗ ಅಕ್ಕ ಬೇಡವೆಂದೂ ಹೇಳಲಿಲ್ಲ, ಹೂಂ ಎಂದೂ ಹೇಳಲಿಲ್ಲ. ಬೇಸಿಗೆ ಕಳೆಯುವವರೆಗೆ ಕೀಬೋರ್ಡಿನ ಮೇಲೆ ಬಟ್ಟೆ ಹೊದಿಸಿಯೇ ಇತ್ತು. ಒಂದು ಭಾನುವಾರ ಅವಳು ಬಂದು, ಬಟ್ಟೆ ತೆಗೆದು, ಯಾರ ಮುಖವನ್ನೂ ನೋಡದೆ ನುಡಿಸಲು ಕೂತಳು. ಮುಂದಿನ ಕ್ರಿಸ್ಮಸ್ಸಿಗೂ ನುಡಿಸಿದಳು. ಸಾಕ್ಷಿ ಹೇಳುವವರಿದ್ದರೆ ಬನ್ನಿ ಎಂದು ಪಾಸ್ಟರಜ್ಜ ಕರೆದಾಗ ಯಾರೂ ಏಳಲಿಲ್ಲ. ಕೊನೆಯ ಸಾಲಿನಲ್ಲಿ ಕೂತಿದ್ದ ಹುಡುಗ ಕಣ್ಣು ಮುಚ್ಚಿಕೊಂಡು, ಒಂದು ಸ್ವರವಾದರೂ ತಪ್ಪಿ ಬೀಳುತ್ತದೆಯೇ ಎಂದು ಉಸಿರು ಬಿಗಿಹಿಡಿದು ಕೇಳುತ್ತಿದ್ದ.

ಅವನು ಊರಿಗೆ ಹೊರಟ ದಿನ ಅಕ್ಕ ಬಸ್ಸಿನವರೆಗೆ ಬಂದಳು. ದಾರಿಗೆಂದು ಬ್ರೆಡ್ಡಿನ ಪೊಟ್ಟಣ ಕೊಟ್ಟಳು. ಬಸ್ಸು ಹೊರಡುವ ಹೊತ್ತಿಗೆ ಕಿಟಕಿಯ ಹತ್ತಿರ ಬಂದು, ಮೊದಲಿನಂತೆ ಒಂದೊಂದೇ ಮಾತು ಬಿಡಿಸಿ ಹೇಳಿದಳು.

‘ತಮ್ಮಾ, ನಾನು ಅವನನ್ನ ಕ್ಷಮಿಸಿಲ್ಲ. ಮುಂದೆ ಕ್ಷಮಿಸ್ತೀನೋ ಇಲ್ವೋ ನನಗೇ ಗೊತ್ತಿಲ್ಲ. ನಿಮ್ಮೂರಲ್ಲಿ ನಿಂತ್ಕೊಂಡು, ಆ ಅಕ್ಕ ಕೊನೆಗೆ ಕ್ಷಮಿಸಿದ್ಲು ಅಂತ ಕತೆ ಕಟ್ಟಬೇಡ.’

‘ಕಟ್ಟಲ್ಲ ಅಕ್ಕ’ ಎಂದ ಹುಡುಗ.

ಊರಲ್ಲಿ ಅವನನ್ನು ಹಾರ ಹಾಕಿ ಬರಮಾಡಿಕೊಂಡರು. ಪರದೇಶದ ಅನುಭವ ಹೇಳು, ಅಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದನಲ್ಲ ಆ ಮನುಷ್ಯನ ಕತೆ ಹೇಳು ಎಂದು ಹಿರಿಯರು ಮೈಕು ಕೈಗೆ ಕೊಟ್ಟರು. ಅಮ್ಮ ಮುಂದಿನ ಸಾಲಿನಲ್ಲಿ ಸೆರಗು ಸರಿಮಾಡಿಕೊಂಡು ಕೂತಿದ್ದಳು. ಅವನು ಮೈಕು ಹಿಡಿದು ನಿಂತು, ಅಲ್ಲಿ ಚಳಿ ಬಹಳ, ಜನ ಒಳ್ಳೆಯವರು ಎಂದಷ್ಟೇ ಹೇಳಿ ಇಳಿದುಬಿಟ್ಟ. ಪ್ರಯಾಣದ ಸುಸ್ತು ಪಾಪ ಎಂದರು ಜನ. ಆ ರಾತ್ರಿ ಊಟಕ್ಕೆ ಬಡಿಸುತ್ತಾ ಅಮ್ಮ, ‘ಏನಾಯ್ತೋ ಅಲ್ಲಿ?’ ಎಂದು ಕೇಳಿದಳು. ಅವನು ಕೈ ತೊಳೆದು ಬಂದು, ಅವಳನ್ನು ಎದುರಿಗೆ ಕೂರಿಸಿಕೊಂಡು, ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದ. ಅವಳು ಒಂದು ಸಲವೂ ಸ್ತೋತ್ರ ಅನ್ನಲಿಲ್ಲ.